ಚೀನದ ಮಣ್ಣಿನ ಗಿಂಡಿ

ಕಾಫಿಯ ನಾಡಿನಲ್ಲಿ ಕುಳಿತು ಚಹದ ಗಿಂಡಿಯ ಮಾತನ್ನೆತ್ತುವುದು ಸ್ವಲ್ಪ ಸಾಹಸವೇ ಸರಿ. ಅದರಲ್ಲಿಯೂ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಚಿತ್ರವಿಲ್ಲದ, ಗಾಜಿನ ಮೆರುಗಿಲ್ಲದ, ರಾಗಿಮುದ್ದೆಯ ಬಣ್ಣದ ಮಣ್ಣಿನ ಪಾತ್ರೆಯೊಂದರ ವಯಸ್ಸನ್ನು ಕುರಿತು ಉಪನ್ಯಾಸ ಮಾಡಹೊರಟರೆ ನಿಮ್ಮಲ್ಲಿ ಕೆಲವರಾದರೂ ಇದೇನು ವ್ಯರ್ಥ ಪಾಂಡಿತ್ಯವೆಂದು ನಗಬಹುದು. ನಗುವುದಕ್ಕೆ ಮೊದಲು ಒಂದು ಸಂಗತಿಯನ್ನು ಕೇಳಬೇಕೆಂದು ನಮ್ಮ ಪ್ರಾರ್ಥನೆ.

ಕೆಲವು ತಿಂಗಳ ಹಿಂದೆ ನಮಗೆ ಪರಿಚಿತರಾದ ಅಣ್ಣತಮ್ಮಂದಿರಿಬ್ಬರು ಒಂದು ಬೆಳಗ್ಗೆ ನಮ್ಮ ಮನೆಗೆ ಬಂದರು. ಅವರ ತಂದೆಯವರು ತೀರಿಕೊಂಡು ವರ್ಷ ತುಂಬಿತ್ತು. ಮನೆಯ ವಸ್ತುಗಳನ್ನು ಪಾಲು ಮಾಡಿಕೊಳ್ಳುವ ಪಟ್ಟಿಯೊಂದು ಸಿದ್ಧವಾಗುತ್ತಿತ್ತು. ಹಿರಿಯರ ಕೈಯಲ್ಲಿ ಒಂದು ರಟ್ಟಿನ ಡಬ್ಬಿ. ಡಬ್ಬಿಯಲ್ಲಿ ಹತ್ತಿಯ ನಡುವೆ ಒಂದು ಕೆಂಗಂದು ಗಿಂಡಿ. ತಂದೆಯವರು ಅದನ್ನು ೧೯೮೩ರಲ್ಲಿ ಸಿಂಗಪುರದಿಂದ ತಂದಿದ್ದರು. ಅಂದಿನಿಂದ ಅದು ನಡುಮನೆಯ ಗಾಜಿನ ಬೀರುವಿನಲ್ಲಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಕುಳಿತಿತ್ತು. ಮುನ್ನೂರು ವರ್ಷದ ಹಿಂದಿನದು, ಚೀನದ ಒಬ್ಬ ಪ್ರಖ್ಯಾತ ಕುಶಲಿಯ ಕೈಕೆಲಸ, ಅವನ ಹೆಸರು ಅಡಿಯಲ್ಲಿಯೇ ಇದೆ ಎಂಬುದು ಮನೆಯವರೆಲ್ಲರ ನಂಬಿಕೆ. ತಂದೆಯವರ ನೆನಪಿಗಾಗಿ ಅದು ತಮಗೆ ಬೇಕೆಂದು ಹಿರಿಯರು ಕೇಳಿದ್ದರು. ಧಾರಾಳವಾಗಿ ತೆಗೆದುಕೊಳ್ಳಿ, ಆದರೆ ಅದರ ಬೆಲೆಯನ್ನು ನಿಮ್ಮ ಪಾಲಿಗೆ ಹಿಡಿಯಬೇಕೆಂದು ಕಿರಿಯರು ಹೇಳಿದ್ದರು. ೨೦೧೫ರಲ್ಲಿ ಬೀಜಿಂಗಿನ ಹರಾಜಿನಲ್ಲಿ ಇದೇ ಜಾತಿಯ ಮಣ್ಣಿನ ಚಹದ ಪಾತ್ರೆಗಳ ಜೋಡಣೆಯೊಂದು ೯ ಕೋಟಿ ೨೦ ಲಕ್ಷ ಯುವಾನ್‌ಗಳಿಗೆ ಹೋಯಿತೆಂಬುದನ್ನು ಅವರಿಗೆ ಯಾರೋ ತಿಳಿಸಿದ್ದರು. ಅದರ ಸಾವಿರದಲ್ಲೊಂದು ಪಾಲೇ ಆದರೂ ಲೆಕ್ಕ ಸಣ್ಣದಲ್ಲವಷ್ಟೆ. ನಮ್ಮಲ್ಲಿ ಇಂಥ ಗಿಂಡಿಗಳು ಐದಾರು ಇವೆ, ಈ ವಿಷಯದ ಗ್ರಂಥಗಳನ್ನು ನಾವು ಓದುತ್ತೇವೆ ಎಂಬ ಒಂದೇ ಕಾರಣಕ್ಕಾಗಿ ತೀರ್ಪಿನ ಹೊಣೆ ನಮ್ಮ ತಲೆಗೆ ಬಂದಿತು. ಒಂದು ವಾರದ ಅವಧಿಯನ್ನು ಕೇಳಿ ಗಿಂಡಿಯನ್ನು ಇಟ್ಟುಕೊಂಡೆವು. ಆ ವಾರದಲ್ಲಿ ನಾವು ಏನನ್ನು ನೋಡಿದೆವು, ಏಕೆ ನೋಡಿದೆವು ಎಂಬುದೇ ಈ ಭಾಷಣದ ವಿಷಯ.

ಚೀನದ ಜಿಯಾಂಗ್ಸು ಪ್ರಾಂತದಲ್ಲಿ, ತಾಯ್ ಎಂಬ ಮಹಾಸರೋವರದ ಪಶ್ಚಿಮಕ್ಕೆ, ಯೀಶಿಂಗ್ ಎಂಬ ಊರುಂಟು. ಅದರ ಬಳಿಯ ದಿಂಗ್‌ಶು ಪಟ್ಟಣವೇ ಈ ಗಿಂಡಿಗಳ ತೌರು. ಅಲ್ಲಿಯ ಹ್ವಾಂಗ್‌ಲುಂಗ್ ಬೆಟ್ಟದಲ್ಲಿ ಅಗೆದು ತೆಗೆಯುತ್ತಿದ್ದುದು ನಮ್ಮ ಕೆರೆಯಂಗಳದ ಜೇಡಿಯಂಥ ಮೆತ್ತನೆಯ ಮಣ್ಣಲ್ಲ. ಕಲ್ಲಿನಂತೆ ಗಟ್ಟಿಯಾದ ಹೆಂಟೆ. ಅದನ್ನು ಬಿಸಿಲು ಮಳೆಗಳಿಗೆ ಒಡ್ಡಿ, ತಾನಾಗಿ ಪುಡಿಯಾಗುವಂತೆ ಮಾಡಿ, ಬೀಸಿ, ಜರಡಿಯಾಡಿ, ನಾದಿ, ಹದಕ್ಕೆ ತರುತ್ತಾರೆ. ಇದರ ಹೆಸರು ಝೀಶಾ, ಎಂದರೆ ನೇರಳೆ ಮರಳು. ಹೆಸರು ನೇರಳೆಯಾದರೂ ಬಣ್ಣ ಒಂದೇ ಅಲ್ಲ. ನೇರಳೆಗಂದು, ಇಟ್ಟಿಗೆಗೆಂಪು, ಮಾಸಲು ಹಳದಿ ಎಂದು ಹಲವು ಬಗೆಗಳುಂಟು. ಆವಿಗೆಯಲ್ಲಿ ೧,೧೦೦ರಿಂದ ೧,೨೦೦ ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ಸುಟ್ಟಾಗ ಇದು ನೀರನ್ನು ಸೋರಗೊಡದು. ಆದರೆ ಗಾಜಿನಂತೆ ಪೂರ್ತಿಯಾಗಿ ಮುಚ್ಚಿಕೊಳ್ಳುವುದೂ ಇಲ್ಲ. ಒಳಗೂ ಹೊರಗೂ ಮೆರುಗಿನ ಲೇಪವಿಲ್ಲದ ಕಾರಣ ಚಹದ ಪರಿಮಳ ಪಾತ್ರೆಗೆ ಅಂಟುತ್ತದೆ. ಆದುದರಿಂದ ರಸಿಕರು ಒಂದು ಗಿಂಡಿಯಲ್ಲಿ ಒಂದೇ ಜಾತಿಯ ಚಹವನ್ನು ಕಾಯಿಸುವ ಪದ್ಧತಿ.

ಪಿಂಗಾಣಿಯಲ್ಲಿ ಚಕ್ರವರ್ತಿಯ ಆಳ್ವಿಕೆಯ ಮುದ್ರೆ ಮುಖ್ಯ, ಕುಂಬಾರನ ಹೆಸರು ಯಾರಿಗೂ ಬೇಕಿಲ್ಲ. ಯೀಶಿಂಗಿನಲ್ಲಿ ಇದಕ್ಕೆ ವ್ಯತಿರಿಕ್ತ. ಇಲ್ಲಿ ಕುಂಬಾರನೇ ತನ್ನ ಹೆಸರನ್ನು ಬರೆದ. ವಿದ್ವಾಂಸರು ಅವನ ಹೆಸರನ್ನು ಗ್ರಂಥದಲ್ಲಿ ಸೇರಿಸಿದರು. ಮಿಂಗ್ ವಂಶದ ಕೊನೆಗಾಲದಲ್ಲಿ ಝೌ ಗಾವ್‌ಚಿ ಎಂಬ ಪಂಡಿತನು ಯೀಶಿಂಗಿನ ಗಿಂಡಿಗಳನ್ನು ಕುರಿತು ಒಂದು ಪುಸ್ತಕವನ್ನೇ ಬರೆದು, ಕುಶಲಿಗಳನ್ನು ತರತಮದಿಂದ ವಿಂಗಡಿಸಿದ. ಬೆಟ್ಟದ ವಿಹಾರವೊಂದರಲ್ಲಿ ಯಜಮಾನನು ವ್ಯಾಸಂಗ ಮಾಡುತ್ತಿದ್ದಾಗ, ಅವನ ಸೇವಕ ಗೊಂಗ್ ಚುನ್ ಎಂಬ ಹುಡುಗ ಅಲ್ಲಿಯ ಸನ್ಯಾಸಿಯಿಂದ ಗುಟ್ಟಾಗಿ ಈ ವಿದ್ಯೆಯನ್ನು ಕಲಿತನೆಂಬ ಕಥೆ ಬಂದದ್ದು ಇಂಥ ಬರಹಗಳಿಂದಲೇ. ಹದಿನಾರನೆಯ ಶತಮಾನದ ಆದಿಭಾಗದ ಮಾತು ಅದು. ತರುವಾಯ ಶಿ ದಾಬಿನ್. ಅವನು ಮೊದಲು ದೊಡ್ಡ ಗಿಂಡಿಗಳನ್ನು ಮಾಡುತ್ತಿದ್ದವನು, ಪಂಡಿತರ ಚಹಗೋಷ್ಠಿಯ ಮಾತನ್ನು ಕೇಳಿ ಬಂದಮೇಲೆ ಚಿಕ್ಕವನ್ನು ಮಾಡತೊಡಗಿದನಂತೆ. ಆಮೇಲೆ ಕಾಂಗ್‌ಶಿ ಚಕ್ರವರ್ತಿಯ ಕಾಲದ ಚೆನ್ ಮಿಂಗ್‌ಯುಆನ್. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಚೆನ್ ಹಾಂಗ್‌ಶೌ. ಇವನು ಕುಂಬಾರನಲ್ಲ, ನೆರೆಯ ಲಿಯಾಂಗ್ ಪ್ರದೇಶದ ಅಧಿಕಾರಿ, ಹೆಸರಾಂತ ಮುದ್ರಾಶಿಲ್ಪಿ. ಇವನು ರೂಪವನ್ನು ಕಲ್ಪಿಸಿಕೊಡುವನು, ಯಾಂಗ್ ಪೆಂಗ್‌ನಿಯನ್ ಎಂಬ ಕುಶಲಿ ಗಿಂಡಿಯನ್ನು ಕಟ್ಟುವನು, ಹಸಿಮಣ್ಣಿನ ಮೇಲೆ ಇವನೋ ಇವನ ಮಿತ್ರರೋ ಶಾಸನವನ್ನು ಕೆತ್ತುವರು.

ಹೆಸರಿಗೆ ಬೆಲೆ ಬಂದಲ್ಲಿ ಕಳ್ಳಹೆಸರೂ ಬರುವುದು ಲೋಕದ ರೀತಿ. ಇದನ್ನು ನಾವು ಕನ್ನಡಿಗರು ಚೆನ್ನಾಗಿ ಬಲ್ಲೆವು. ಗಂಗರಾಜರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಸಾಹೇಬರಿಗೂ ನಮ್ಮ ಲೂಯಿ ರೈಸ್ ಅವರಿಗೂ ನಡೆದ ವಾದವನ್ನು ಇತಿಹಾಸದ ವಿದ್ಯಾರ್ಥಿಗಳು ಕೇಳಿರಬಹುದು. ಪಟದಲ್ಲಿ ರಾಜನ ಹೆಸರಿದೆ, ವರ್ಷವಿದೆ, ದಾನದ ವಿವರವಿದೆ; ಆದರೆ ಅಕ್ಷರದ ರೂಪ ಆ ವರ್ಷಕ್ಕೆ ಒಪ್ಪುವುದೇ? ಒಪ್ಪದಿದ್ದರೆ ಅದು ಕೂಟಶಾಸನ. ಎಂದರೆ, ಶಾಸನವು ತನ್ನನ್ನು ಕುರಿತು ತಾನು ಏನು ಹೇಳಿಕೊಳ್ಳುತ್ತದೆ ಎಂಬುದು ಒಂದು. ಅದರ ಮೈ ಏನು ಹೇಳುತ್ತದೆ ಎಂಬುದು ಇನ್ನೊಂದು. ಗಿಂಡಿಯ ಪರೀಕ್ಷೆಯೂ ಇಷ್ಟೆ. ಹೊಸಬರು ಗಿಂಡಿ ಕೈಗೆ ಬಂದೊಡನೆ ಅದನ್ನು ಬೋರಲು ಮಾಡಿ ಅಡಿಯ ಮುದ್ರೆಯನ್ನು ಓದಲು ಹವಣಿಸುತ್ತಾರೆ. ಬಲ್ಲವರು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ.

ನಮ್ಮ ಮಿತ್ರರ ಗಿಂಡಿಯ ಅಡಿಯಲ್ಲಿ ‘ಜಿಂಗ್‌ಶಿಯ ಹುಯಿ ಮೆಂಗ್‌ಚೆನ್ ಮಾಡಿದ್ದು’ ಎಂಬ ಅರ್ಥದ ಚೀನೀ ಅಕ್ಷರಗಳ ಮುದ್ರೆಯಿತ್ತು. ಜಿಂಗ್‌ಶಿ ಎಂಬುದು ಯೀಶಿಂಗಿನ ಹಳೆಯ ಹೆಸರುಗಳಲ್ಲೊಂದು. ಹುಯಿ ಮೆಂಗ್‌ಚೆನ್ ಹದಿನೇಳನೆಯ ಶತಮಾನದ ಕುಶಲಿ. ಚಿಕ್ಕ ಗಿಂಡಿಗಳಿಗೆ ಹೆಸರಾದವನು. ತೆಂಕಣ ಚೀನದ ಫುಜಿಯನ್, ಚಾವ್‌ಝೌ ಸೀಮೆಯವರು ಕಡುಚಹವನ್ನು ಪುಟ್ಟ ಬಟ್ಟಲುಗಳಲ್ಲಿ ಕುಡಿಯುವವರು. ಅವರಿಗೆ ಇಂಥ ಗಿಂಡಿಯೇ ಬೇಕು. ಆದುದರಿಂದ ಅವನು ಸತ್ತಮೇಲೂ ಅವನ ಹೆಸರು ಸಾಯಲಿಲ್ಲ. ಮುನ್ನೂರು ವರ್ಷಗಳಿಂದ ಸಾವಿರಾರು ಗಿಂಡಿಗಳ ಅಡಿಯಲ್ಲಿ ಅದನ್ನು ಒತ್ತುತ್ತ ಬಂದಿದ್ದಾರೆ. ಮಾಡುವವನಿಗೂ ಕೊಳ್ಳುವವನಿಗೂ ಅದು ಗಿಂಡಿಯ ಜಾತಿಯ ಹೆಸರಾಯಿತೇ ಹೊರತು ಮನುಷ್ಯನ ಹೆಸರಾಗಿ ಉಳಿಯಲಿಲ್ಲ. ಅದನ್ನು ಮೋಸವೆನ್ನುವುದು ತಪ್ಪು. ಊರಿನ ಹೆಸರಿನಿಂದ ಸೀರೆಯನ್ನು ಕರೆಯುವ ನಾವು ಆ ಸೀರೆ ಆ ಊರಿನಲ್ಲಿಯೇ ನೇಯ್ದದ್ದೋ ಎಂದು ಪ್ರತಿ ಸಲವೂ ಕೇಳುತ್ತೇವೆಯೆ?

ಹಾಗಾದರೆ ಮೈಯನ್ನು ಓದಲು ಅಳತೆಗೋಲು ಯಾವುದು? ಇದಕ್ಕೆ ಗೋರಿಗಳೇ ಗತಿ. ೧೯೬೫ರಲ್ಲಿ ನಾನ್‌ಜಿಂಗ್ ನಗರದ ಹೊರವಲಯದಲ್ಲಿ ಮಿಂಗ್ ಅರಮನೆಯ ವು ಜಿಂಗ್ ಎಂಬ ಅಂತಃಪುರಾಧಿಕಾರಿಯ ಗೋರಿಯನ್ನು ಅಗೆದರು. ಅವನನ್ನು ಹೂಳಿದ್ದು ೧೫೩೩ರಲ್ಲಿ. ಅಲ್ಲಿ ದೊರೆತ ಗಿಂಡಿ ಸುಮಾರು ೭ ಅಂಗುಲ ಎತ್ತರದ್ದು. ನಮ್ಮ ಬುಟ್ಟಿಯ ಹಿಡಿಯಂತೆ ಮೇಲೆ ಕಮಾನಾಗಿ ಬಾಗಿದ ಹಿಡಿಯುಳ್ಳದ್ದು. ಕಾಲ ನಿಶ್ಚಿತವಾದ ಯೀಶಿಂಗ್ ಗಿಂಡಿಗಳಲ್ಲಿ ಇದೇ ಹಿರಿಯದು. ಮಣ್ಣು ಒರಟು. ಮುಚ್ಚಳದ ಒಳಗೆ ಬಳೆಯಂಥ ಅಂಚಿನ ಬದಲು ಅಡ್ಡಡ್ಡಲಾಗಿ ಇಟ್ಟ ಎರಡು ಮಣ್ಣಿನ ಪಟ್ಟಿಗಳು ಮಾತ್ರ. ಮೈಮೇಲೆ ಅಲ್ಲಲ್ಲಿ ಮೆರುಗಿನ ತೊಟ್ಟುಗಳು ಸಿಡಿದು ಅಂಟಿವೆ. ಏಕೆಂದರೆ ಆಗ ಈ ಗಿಂಡಿಗಳನ್ನು ಮೆರುಗಿನ ಜಾಡಿಗಳ ನಡುವೆಯೇ ಬಿಚ್ಚಾಗಿ ಇಟ್ಟು ಸುಡುತ್ತಿದ್ದರು. ಪ್ರತ್ಯೇಕವಾದ ಮಣ್ಣಿನ ಗೂಡೆಯಲ್ಲಿ ಮುಚ್ಚಿ ಸುಡುವ ಕ್ರಮ ಆಮೇಲೆ ಬಂದಿತು. ಶಿ ದಾಬಿನ್ನನ ಹೆಸರುಳ್ಳ ಗಿಂಡಿಗಳೂ ಗೋರಿಗಳಲ್ಲಿ ದೊರೆತಿವೆ: ಫುಜಿಯನ್ನಿನ ಝಾಂಗ್‌ಪುವಿನಲ್ಲಿ ೧೬೧೨ರ ಗೋರಿಯಿಂದ ಒಂದು, ವೂಶಿಯ ಬಳಿ ೧೬೨೯ರ ಗೋರಿಯಿಂದ ಇನ್ನೊಂದು. ಮಣ್ಣಿನೊಳಗಿನಿಂದ ಬಂದ ಇಂಥ ಬೆರಳೆಣಿಕೆಯ ಪಾತ್ರೆಗಳನ್ನು ಮುಂದಿಟ್ಟುಕೊಂಡು ಅಂಗಡಿಯ ಸಾವಿರ ಪಾತ್ರೆಗಳನ್ನು ಅಳೆಯಬೇಕು. ಅಚ್ಚರಿಯೆಂದರೆ, ಹೀಗೆ ದೊರೆತ ನಿಜವಾದ ಹಳೆಯ ಗಿಂಡಿಗಳು ಅಂಗಡಿಯವರು ತೋರಿಸುವ ‘ಮಿಂಗ್ ಕಾಲದ’ ಗಿಂಡಿಗಳಷ್ಟು ಚೆಲುವಾಗಿಲ್ಲ. ಅವು ಸರಳ, ಸ್ವಲ್ಪ ಭಾರ, ಮಾತು ಕಡಮೆಯ ಹಳ್ಳಿಯ ಹಿರಿಯರಂತೆ.

ಸಮುದ್ರವೂ ಸಾಕ್ಷಿ ಕೊಡುತ್ತದೆ. ಟೆಕ್ ಸಿಂಗ್ ಎಂಬ ಚೀನೀ ಹಡಗು ೧೮೨೨ರಲ್ಲಿ ಬಟೇವಿಯಕ್ಕೆ ಹೋಗುವ ದಾರಿಯಲ್ಲಿ ಮುಳುಗಿತು. ೧೯೯೯ರಲ್ಲಿ ಅದರ ಸರಕನ್ನು ಮೇಲೆತ್ತಿದಾಗ ಪಿಂಗಾಣಿಯ ರಾಶಿಯ ಜೊತೆಗೆ ಯೀಶಿಂಗ್ ಗಿಂಡಿಗಳೂ ಬಂದವು. ಇವೆಲ್ಲ ಸಾಮಾನ್ಯ ಜನರ ಗಿಂಡಿಗಳು. ೧೮೨೨ಕ್ಕೆ ಈಚಿನವಾಗಿರಲು ಸಾಧ್ಯವೇ ಇಲ್ಲದವು. ಅಂತೆಯೇ ಯೂರೋಪಿನಲ್ಲಿ ಸಾಕ್ಸನಿಯ ದೊರೆ ಆಗಸ್ಟಸನು ಡ್ರೆಸ್ಡನ್ನಿನಲ್ಲಿ ಕೂಡಿಸಿದ ಸಂಗ್ರಹಕ್ಕೆ ೧೭೨೧ರಲ್ಲಿ ಪಟ್ಟಿ ಮಾಡತೊಡಗಿದರು. ಪಾತ್ರೆಯ ಮೇಲೆ ಪಟ್ಟಿಯ ಅಂಕಿಯನ್ನು ಕೊರೆದರು. ಗುಮಾಸ್ತನ ಅಂಕಿ ಕುಂಬಾರನ ಮುದ್ರೆಗಿಂತ ಹೆಚ್ಚಿನ ಪ್ರಮಾಣವಾಗುವುದು ಇಂಥಲ್ಲಿಯೇ.

ಇನ್ನು ಕಟ್ಟುವ ವಿಧಾನ. ಪರೀಕ್ಷೆಯ ತಿರುಳಿರುವುದು ಇಲ್ಲಿ. ಕುಂಬಾರನೆಂದೊಡನೆ ನಮ್ಮ ಕಣ್ಣಿಗೆ ತಿರುಗುವ ತಿಗರಿ ಬರುತ್ತದೆ. ಯೀಶಿಂಗಿನ ಸಂಪ್ರದಾಯದಲ್ಲಿ ತಿಗರಿಯ ಮೇಲೆ ಎತ್ತುವುದಿಲ್ಲ. ಮಣ್ಣನ್ನು ಮರದ ಕೊಡತಿಯಿಂದ ಬಡಿದು ಹಪ್ಪಳದಂತೆ ತಟ್ಟಿ, ಅದರಿಂದ ಒಂದು ಉದ್ದನೆಯ ಪಟ್ಟಿಯನ್ನೂ ಎರಡು ಬಿಲ್ಲೆಗಳನ್ನೂ ಕೊಯ್ದುಕೊಳ್ಳುತ್ತಾರೆ. ಪಟ್ಟಿಯನ್ನು ಸುತ್ತಿ ಕೊಳವೆ ಮಾಡುತ್ತಾರೆ. ಒಳಗೆ ಎಡಗೈಯ ಬೆರಳುಗಳನ್ನಿಟ್ಟು, ಹೊರಗೆ ಬಲಗೈಯ ಪುಟ್ಟ ಹಲಗೆಯಿಂದ ತಟ್ಟುತ್ತ ತಟ್ಟುತ್ತ ಬಾಯಿಯನ್ನು ಕಿರಿದುಮಾಡಿ ಒಂದು ಬಿಲ್ಲೆಯಿಂದ ಮುಚ್ಚುತ್ತಾರೆ. ಬೋರಲು ಮಾಡಿ ಇನ್ನೊಂದು ತುದಿಯನ್ನೂ ಹಾಗೆಯೇ ತಟ್ಟಿ ಮುಚ್ಚುತ್ತಾರೆ. ಗಾಳಿ ತುಂಬಿದ ಚೆಂಡಿನಂತಾದ ಆ ಮೈಯನ್ನು ತಿದ್ದಿ, ನಾಳ, ಹಿಡಿಗಳನ್ನು ಅಂಟಿಸಿ, ಮೇಲೆ ಬಾಯಿಯನ್ನು ಕೊರೆಯುತ್ತಾರೆ. ಚೌಕದ ಗಿಂಡಿಗಳಾದರೆ ಹಲಗೆಗಳನ್ನು ಜೋಡಿಸಿ ಪೆಟ್ಟಿಗೆ ಮಾಡಿದಂತೆ. ಆದುದರಿಂದ ಪಟ್ಟಿಯ ಎರಡು ತುದಿಗಳು ಕೂಡಿದ ಬೆಸುಗೆಯೊಂದು ಒಳಗೋಡೆಯಲ್ಲಿ ನಿಲುವಾಗಿ ಇರಲೇಬೇಕು; ಸಾಧಾರಣವಾಗಿ ಅದನ್ನು ಹಿಡಿಯ ಕೆಳಗೆ ಬರುವಂತೆ ಇಡುತ್ತಾರೆ. ಅಡಿಯ ಬಿಲ್ಲೆ ಗೋಡೆಯನ್ನು ಸೇರುವಲ್ಲಿ ಅಂಟುಮಣ್ಣನ್ನು ಒತ್ತಿದ ಗುರುತಿರಬೇಕು. ದೀಪವೊಂದನ್ನು ಒಳಗೆ ಹಾಯಿಸಿ ನೋಡಿ. ಬೆಸುಗೆಯ ಬದಲು ಸುತ್ತಲೂ ಬಳೆಬಳೆಯಾಗಿ ಬೆರಳಿನ ಗೆರೆಗಳಿದ್ದರೆ ಅದು ತಿಗರಿಯ ಮೇಲೆ ಎತ್ತಿದ್ದು. ಹಳೆಯ ಯೀಶಿಂಗ್ ಅಲ್ಲ. ಹೊರಮೈಯನ್ನು ಎಲ್ಲರೂ ತೀಡುತ್ತಾರೆ. ಒಳಮೈಯನ್ನು ತೀಡುವ ತಾಳ್ಮೆ ಕಳ್ಳನಿಗೂ ಕಡಮೆ.

ಜಿಪ್ಸಮ್ಮಿನಿಂದ ಮಾಡಿದ ಅಚ್ಚುಗಳು ಯೀಶಿಂಗಿಗೆ ಬಂದದ್ದು ೧೯೫೦ರ ದಶಕದ ಮೇಲೆ. ಬಿಡಿ ಕುಶಲಿಗಳೆಲ್ಲರೂ ಮೊದಲು ಸಹಕಾರ ಸಂಘದಲ್ಲಿಯೂ ಆಮೇಲೆ ದೊಡ್ಡ ಕಾರ್ಖಾನೆಯಲ್ಲಿಯೂ ಒಂದುಗೂಡಿದ ಕಾಲ ಅದು. ಮಣ್ಣಿನ ಕೊಳವೆಯನ್ನು ಎರಡು ಹೋಳಿನ ಅಚ್ಚಿನೊಳಗಿಟ್ಟು ಒತ್ತಿದರೆ ಮೈ ತಾನಾಗಿ ರೂಪುಗೊಳ್ಳುತ್ತದೆ. ಹೋಳುಗಳು ಕೂಡಿದ ಗೆರೆ ತೀಡಿದರೂ ನಾಳದ ಕೆಳಗೋ ಹಿಡಿಯ ಬುಡದಲ್ಲೋ ಎಳೆಯಷ್ಟು ಉಳಿಯುತ್ತದೆ. ಇಂಥ ಗೆರೆ ಕಂಡ ಸರಳವಾದ ದುಂಡು ಗಿಂಡಿಯನ್ನು ಯಾರಾದರೂ ಚಿಂಗ್ ಕಾಲದ್ದೆಂದರೆ ನಂಬಬೇಕಾಗಿಲ್ಲ. ಆದರೆ ಇಲ್ಲಿಯೂ ಎಚ್ಚರಿಕೆ ಬೇಕು. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಯೂರೋಪಿಗೆ ಹೋದ ಗಿಂಡಿಗಳ ಮೇಲೆ ಹೂಬಳ್ಳಿಗಳ ಉಬ್ಬುಚಿತ್ರಗಳನ್ನು ಅಚ್ಚೊತ್ತಿ ಅಂಟಿಸುವುದಿತ್ತು. ಅಚ್ಚೆಂಬ ಮಾತ್ರಕ್ಕೆ ಎಲ್ಲವೂ ಹೊಸದಲ್ಲ. ಎಲ್ಲಕ್ಕಿಂತ ಕೆಳಗಿನ ದರ್ಜೆಯದು, ಮಣ್ಣನ್ನು ಗಂಜಿಯಂತೆ ನೀರುಮಾಡಿ ಅಚ್ಚಿಗೆ ಸುರಿದು ತೆಗೆದ ಗಿಂಡಿ. ಅದರ ಒಳಮೈ ನುಣ್ಣಗೆ, ಮರಳಿನ ಕಣ ಕಾಣದೆ, ಸಾಬೂನಿನಂತೆ ಇರುತ್ತದೆ.

ಹೆಸರಾಂತ ಗಿಂಡಿಯೊಂದರಿಂದ ಅಚ್ಚು ತೆಗೆದು ಅದರ ಪ್ರತಿಯನ್ನು ಮಾಡುವವರನ್ನು ಹಿಡಿಯಲು ಒಂದು ಸುಲಭೋಪಾಯವುಂಟು. ಹಸಿಮಣ್ಣು ಒಣಗಿ ಸುಟ್ಟಮೇಲೆ ಕುಗ್ಗುತ್ತದೆ. ಝೀಶಾ ಮಣ್ಣು ಸುಮಾರು ಹತ್ತನೆಯ ಒಂದು ಪಾಲು, ಕೆಲವು ಕೆಂಪುಮಣ್ಣುಗಳು ಇನ್ನೂ ಹೆಚ್ಚು. ಸುಟ್ಟ ಗಿಂಡಿಯಿಂದ ತೆಗೆದ ಅಚ್ಚಿನ ಮಗು ತಾಯಿಗಿಂತ ಅಷ್ಟು ಕುಳ್ಳಾಗಲೇಬೇಕು. ಮುದ್ರೆಯ ಅಕ್ಷರಗಳೂ ಕುಗ್ಗಬೇಕು. ವಸ್ತುಸಂಗ್ರಹಾಲಯದವರು ಪ್ರಕಟಿಸಿದ ಅಳತೆಯನ್ನು ಎದುರಿಗಿಟ್ಟು ಒಂದು ಅಡಿಕೋಲಿನಿಂದ ಅಳೆದರೆ ಸಾಕು. ಹಾಂಗ್‌ಕಾಂಗಿನಲ್ಲಿ ೧೯೮೪ರಲ್ಲಿ ತೆರೆದ ಚಹಪಾತ್ರೆಗಳ ವಸ್ತುಸಂಗ್ರಹಾಲಯದಂಥ ಸಂಸ್ಥೆಗಳ ಚಿತ್ರಸಂಪುಟಗಳು ನಮಗೆ ಉಪಯೋಗವಾಗುವುದು ಚಿತ್ರಕ್ಕಿಂತ ಹೆಚ್ಚಾಗಿ ಅಳತೆಗಾಗಿ.

ಬಣ್ಣದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕಣ್ಣಿಗೆ ಹೊಡೆಯುವ ನೀಲಿ, ಗಿಳಿಹಸಿರುಗಳು ಮಣ್ಣಿನವಲ್ಲ, ಬೆರೆಸಿದ ಲೋಹಭಸ್ಮಗಳವು. ೨೦೧೦ರಲ್ಲಿ ಚೀನದ ಸರ್ಕಾರಿ ದೂರದರ್ಶನವೇ ಸಾಮಾನ್ಯ ಜೇಡಿಗೆ ಕಬ್ಬಿಣ, ಮ್ಯಾಂಗನೀಸ್‌ಗಳ ಭಸ್ಮವನ್ನು ಕಲಸಿ ‘ಝೀಶಾ’ ಎಂದು ಮಾರುವವರ ಕೆಲಸವನ್ನು ತೋರಿಸಿ ಊರಿಗೆ ಊರನ್ನೇ ಗಾಬರಿಗೊಳಿಸಿತು. ಹಳೆಯ ಗಿಂಡಿಯ ಮೈಯಲ್ಲಿ ಕಣಕಣವಾಗಿ ಬೇರೆಬೇರೆ ಛಾಯೆಗಳು ಕಾಣುತ್ತವೆ. ಯಂತ್ರದಲ್ಲಿ ಅರೆದು ಗಾಳಿ ತೆಗೆದು ನಾದಿದ ಮಣ್ಣು ಒಂದೇ ಸಮನಾಗಿರುತ್ತದೆ.

ಇನ್ನು ಹಳತನದ ಬಣ್ಣ. ಬಹುಕಾಲ ಬಳಸಿದ ಗಿಂಡಿಗೆ, ನಿತ್ಯ ಕೈಯಾಡಿದ ಊರುಗೋಲಿಗೆ ಬರುವಂಥ ಒಂದು ಒಳಹೊಳಪು ಬರುತ್ತದೆ. ಅದು ಕೈ ತಾಗುವಲ್ಲಿ ಹೆಚ್ಚು, ಸಂದಿಗಳಲ್ಲಿ ಕಡಮೆ. ಮುಚ್ಚಳದ ಗುಂಡು, ಹಿಡಿಯ ಮೇಲ್ಭಾಗ, ಅಡಿಯ ಅಂಚು, ಇವು ಸವೆಯುತ್ತವೆ. ನಾಳದ ತುದಿ ಎಲ್ಲೋ ಒಂದೆಡೆ ಮುಕ್ಕಾಗಿರುತ್ತದೆ. ನಕಲಿನವನು ಸವೆತವನ್ನೂ ಕೊಳೆಯನ್ನೂ ಎಲ್ಲೆಲ್ಲಿಯೂ ಸಮನಾಗಿ ಬಳಿಯುತ್ತಾನೆ. ಕೈಬೆರಳು ಎಂದೂ ಹೋಗದ ಸಂದಿಯಲ್ಲಿಯೂ ಹೊಳಪು, ಚಹ ಎಂದೂ ಹರಿಯದ ಅಡಿಯಲ್ಲಿಯೂ ಚಹದ ಕಲೆ. ಈ ಪಾಠವನ್ನು ನಾವು ಹಣ ತೆತ್ತು ಕಲಿತೆವು. ಬಹಳ ವರ್ಷಗಳ ಹಿಂದೆ ಒಂದು ರೇವುಪಟ್ಟಣದ ಅಂಗಡಿಯಲ್ಲಿ, ಒಂದು ತಿಂಗಳ ಸಂಬಳದ ಬಹುಭಾಗವನ್ನು ಕೊಟ್ಟು, ಕಪ್ಪುಗಂದಿನ ‘ಪುರಾತನ’ ಗಿಂಡಿಯೊಂದನ್ನು ಕೊಂಡೆವು. ಮನೆಗೆ ತಂದು ಕುದಿನೀರನ್ನು ಹೊಯ್ದಾಗ ಎದ್ದದ್ದು ಚಹದ ಪರಿಮಳವಲ್ಲ, ಬೂಟಿನ ಪಾಲಿಷಿನ ವಾಸನೆ. ಮನೆಯವರು, ಕಾಲಿಗೆ ಹಚ್ಚುವುದನ್ನು ಕುಡಿಯುವುದಕ್ಕೂ ತಂದಿರಾ ಎಂದು ಕೇಳಿದ ಮಾತು ಈಗಲೂ ಕಿವಿಯಲ್ಲಿದೆ. ಅಂದಿನಿಂದ ಕುದಿನೀರಿನ ಪರೀಕ್ಷೆಯಿಲ್ಲದೆ ಯಾವ ಗಿಂಡಿಯೂ ನಮ್ಮ ಹೊಸ್ತಿಲನ್ನು ದಾಟುವುದಿಲ್ಲ.

ಹೊಳಪಿನ ವಿಷಯದಲ್ಲಿ ಸಯಾಮಿನ ಗಿಂಡಿಗಳು ಹೊರತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದವರು ಯೀಶಿಂಗಿನಿಂದ ಗಿಂಡಿಗಳನ್ನು ತರಿಸಿ, ಮೈಯನ್ನು ಕನ್ನಡಿಯಂತೆ ಉಜ್ಜಿಸಿ, ನಾಳಕ್ಕೂ ಬಾಯಿಗೂ ಲೋಹದ ಕಟ್ಟು ಹಾಕಿಸುತ್ತಿದ್ದರು. ಇದನ್ನರಿಯದವರು ಅಂಥ ನಿಜವಾದ ಹಳೆಯ ಗಿಂಡಿಯನ್ನು ನಕಲೆಂದು ತಳ್ಳಿಬಿಡುವುದುಂಟು. ಇಲ್ಲದ ಹಳತನ್ನು ನಂಬುವುದು ಎಷ್ಟು ತಪ್ಪೋ ಇರುವ ಹಳತನ್ನು ಅಲ್ಲಗಳೆಯುವುದೂ ಅಷ್ಟೇ ತಪ್ಪು.

ಪೇಟೆಯಲ್ಲಿ ಪ್ರಚಾರದಲ್ಲಿರುವ ಪರೀಕ್ಷೆಗಳ ಬಗೆಗೆ ನಮ್ಮ ಅಭಿಪ್ರಾಯ ಒಳ್ಳೆಯದಲ್ಲ. ಮುಚ್ಚಳದ ರಂಧ್ರವನ್ನು ಬೆರಳಿನಿಂದ ಮುಚ್ಚಿದರೆ ನೀರು ನಿಲ್ಲಬೇಕು ಎನ್ನುತ್ತಾರೆ. ಮುಚ್ಚಳವನ್ನು ಮೀಟಿದರೆ ಗಂಟೆಯಂತೆ ನುಡಿಯಬೇಕು ಎನ್ನುತ್ತಾರೆ. ನಾಳದ ತುದಿ, ಬಾಯಿ, ಹಿಡಿಯ ತುದಿ ಮೂರೂ ಒಂದೇ ಮಟ್ಟದಲ್ಲಿರಬೇಕು ಎನ್ನುತ್ತಾರೆ. ಇವೆಲ್ಲ ಚೆನ್ನಾಗಿ ಮಾಡಿದ ಗಿಂಡಿಯ ಲಕ್ಷಣಗಳು, ನಿಜ. ಹಳೆಯ ಗಿಂಡಿಯ ಲಕ್ಷಣಗಳಲ್ಲ. ಅಚ್ಚಿನ ಹೊಸ ಗಿಂಡಿ ಈ ಮೂರರಲ್ಲಿಯೂ ಮೊದಲ ತರಗತಿಯಲ್ಲಿ ತೇರ್ಗಡೆಯಾಗುತ್ತದೆ. ಎಷ್ಟೋ ಹಳೆಯ ಗಿಂಡಿಗಳ ಮುಚ್ಚಳ ಅಲ್ಲಾಡುತ್ತದೆ.

ಪ್ರಯೋಗಶಾಲೆಯ ಸಹಾಯವೂ ಉಂಟು. ಮಣ್ಣಿನಲ್ಲಿರುವ ಸ್ಫಟಿಕಕಣಗಳು ನೈಸರ್ಗಿಕ ವಿಕಿರಣದ ಶಕ್ತಿಯನ್ನು ವರ್ಷವರ್ಷವೂ ಕೂಡಿಟ್ಟುಕೊಳ್ಳುತ್ತವೆ. ಆವಿಗೆಯ ಬೆಂಕಿ ಆ ಉಳಿತಾಯವನ್ನೆಲ್ಲ ಬರಿದುಮಾಡುತ್ತದೆ. ಆಮೇಲೆ ಕೂಡಿದ್ದೆಷ್ಟು ಎಂಬುದನ್ನು, ಕೊರೆದು ತೆಗೆದ ಚಿಟಿಕೆ ಪುಡಿಯನ್ನು ಮತ್ತೆ ಕಾಯಿಸಿ ಹೊಮ್ಮುವ ಬೆಳಕಿನಿಂದ ಲೆಕ್ಕ ಹಾಕುತ್ತಾರೆ. ಸೂಕ್ಷ್ಮವಾದ ವಿಧಾನವೇ. ಆದರೆ ಗಿಂಡಿಗೆ ತೂತು ಬೀಳುತ್ತದೆ. ಲೆಕ್ಕದಲ್ಲಿ ಹೆಚ್ಚುಕಡಮೆ ಸಾಕಷ್ಟಿರುತ್ತದೆ. ಕೃತಕ ವಿಕಿರಣವನ್ನು ಹಾಯಿಸಿ ಯಂತ್ರವನ್ನೇ ವಂಚಿಸುವವರೂ ಹುಟ್ಟಿದ್ದಾರೆ. ಕಾಲವನ್ನು ತಿಳಿಸಿದರೂ ಅದು ಕರ್ತೃವನ್ನು ತಿಳಿಸಲಾರದು.

ಕರ್ತೃವಿನ ಪ್ರಶ್ನೆ ಬಂದಾಗ ಎಂಥವರೂ ತಲೆದೂಗಿ ಸುಮ್ಮನಾಗಬೇಕಾದ ಒಂದು ಘಟ್ಟವಿದೆ. ೧೯೨೦, ೧೯೩೦ರ ದಶಕಗಳಲ್ಲಿ ಶಾಂಘಾಯಿಯ ಪ್ರಾಚೀನವಸ್ತುಗಳ ವರ್ತಕರು ಯೀಶಿಂಗಿನ ಅತ್ಯುತ್ತಮ ಕುಶಲಿಗಳನ್ನು ಕರೆಸಿ, ಸಂಬಳ ಕೊಟ್ಟು, ಮನೆಯಲ್ಲಿರಿಸಿಕೊಂಡು, ಶಿ ದಾಬಿನ್, ಚೆನ್ ಮಿಂಗ್‌ಯುಆನ್ ಮುಂತಾದವರ ಹೆಸರಿನಲ್ಲಿ ಗಿಂಡಿಗಳನ್ನು ಮಾಡಿಸಿದರು. ಹಾಗೆ ಹೋದವರಲ್ಲಿ ಗು ಜಿಂಗ್‌ಝೌ ಒಬ್ಬರು. ೧೯೩೬ರಲ್ಲಿ ಅವರಿಗೆ ಇಪ್ಪತ್ತರ ಮೇಲೊಂದು ವಯಸ್ಸು. ೧೯೯೬ರಲ್ಲಿ ತೀರಿಕೊಳ್ಳುವ ವೇಳೆಗೆ ಅವರು ಆ ಶತಮಾನದ ಅಗ್ರಗಣ್ಯ ಕುಶಲಿ, ಅನೇಕ ಶಿಷ್ಯರ ಗುರು. ಮುಪ್ಪಿನಲ್ಲಿ ಒಂದು ವಸ್ತುಸಂಗ್ರಹಾಲಯದಲ್ಲಿ ಚೆನ್ ಮಿಂಗ್‌ಯುಆನ್ನನದೆಂದು ಗೌರವದಿಂದ ಇಟ್ಟಿದ್ದ ಪುಟ್ಟ ಪಾತ್ರೆಯೊಂದನ್ನು ನೋಡಿ, ಇದು ನನ್ನ ಹುಡುಗುತನದ ಕೆಲಸವೆಂದು ಅವರು ಗುರುತಿಸಿದರೆಂಬ ಮಾತು ಆ ವಲಯದಲ್ಲಿ ಪ್ರಸಿದ್ಧವಾಗಿದೆ. ಈಗ ಆ ಪಾತ್ರೆಯನ್ನ ಏನೆನ್ನಬೇಕು? ಚೆನ್ ಮಿಂಗ್‌ಯುಆನ್ನನ ನಕಲೆನ್ನೋಣವೆ, ಗು ಜಿಂಗ್‌ಝೌ ಅವರ ಅಸಲೆನ್ನೋಣವೆ? ಮಾತಿನ ಆರಂಭದಲ್ಲಿ ಹೇಳಿದ ೯ ಕೋಟಿ ೨೦ ಲಕ್ಷದ ಜೋಡಣೆ ಇದೇ ಗು ಅವರ ಕೈಯದು. ಈಗ ಅವರ ಮುದ್ರೆಯನ್ನೇ ಕದ್ದು ಒತ್ತುವವರು ಲೆಕ್ಕವಿಲ್ಲ.

ಆ ದಿನಗಳ ಕುಶಲಿಗಳನ್ನು ಕಳ್ಳರೆಂದು ಕರೆಯಲು ನಮ್ಮ ನಾಲಗೆ ಏಳುವುದಿಲ್ಲ. ಹೊಟ್ಟೆಗಿಲ್ಲದ ಹುಡುಗರು, ಅವರ ಎದುರಿಗೆ ವರ್ತಕನು ಹಿಂದಿನ ಮಹಾಕುಶಲಿಗಳ ಗಿಂಡಿಗಳನ್ನು ತಂದಿಟ್ಟ, ನೋಡಿ ಮಾಡಿ ಕಲಿತರು. ಸುಳ್ಳು ಸೇರಿದ್ದು ಆವಿಗೆಯಲ್ಲಲ್ಲ, ಅಂಗಡಿಯ ಕಟ್ಟೆಯ ಮೇಲೆ.

ನಮ್ಮ ಮಿತ್ರರ ಗಿಂಡಿಗೆ ಬರೋಣ. ಮುದ್ರೆಯನ್ನು ಮೊದಲು ಓದಬಾರದೆಂದು ಅಡಿಗೆ ಒಂದು ಕಾಗದವನ್ನು ಅಂಟಿಸಿ ಪರೀಕ್ಷೆಗೆ ತೊಡಗಿದೆವು. ಒಳಗೆ ದೀಪ ಹಾಯಿಸಿದಾಗ ನಾಳದ ಬುಡದಲ್ಲಿ ಚೆಂಡಿನ ಅರ್ಧದಂತೆ ಉಬ್ಬಿದ, ಹಲವು ತೂತುಗಳ ಸೋಸುಬಿಲ್ಲೆ ಕಂಡಿತು. ಹಳೆಯ ಗಿಂಡಿಗಳಲ್ಲಿ ಇಲ್ಲಿ ಒಂದೇ ತೂತು. ತರುವಾಯದವುಗಳಲ್ಲಿ ಗೋಡೆಯಲ್ಲಿಯೇ ಕೊರೆದ ಕೆಲವು ತೂತುಗಳು. ಈ ಅರ್ಧಚೆಂಡು ಸಾಮಾನ್ಯವಾಗಿ ೧೯೭೦ರ ದಶಕದಿಂದ ಈಚೆಗೆ ಬಂದದ್ದು. ನಾಳದ ಕೆಳಗೆ ಉಗುರಿಗೆ ತಗಲುವ ಒಂದು ಗೆರೆ. ಮಣ್ಣು ಚೊಕ್ಕವಾದದ್ದು, ಆದರೆ ಒಂದೇ ಸಮ. ಸವೆತ ಇಲ್ಲವೇ ಇಲ್ಲ. ಬೀರುವಿನಲ್ಲಿದ್ದ ಗಿಂಡಿಗೆ ಎಲ್ಲಿಯ ಸವೆತ? ಕೊನೆಗೆ ಕಾಗದವನ್ನು ತೆಗೆದು ಮುದ್ರೆಯನ್ನು ನೋಡಿದೆವು. ಮೆಂಗ್‌ಚೆನ್ನನ ಹೆಸರಿನ ಇದೇ ಮುದ್ರೆಯನ್ನು ಯೀಶಿಂಗಿನ ಕಾರ್ಖಾನೆಯವರು ಚಿಕ್ಕ ಗಿಂಡಿಗಳಿಗೆ ರಾಜಾರೋಷವಾಗಿ ಒತ್ತುತ್ತಿದ್ದರು. ಗಿಂಡಿಯ ವಯಸ್ಸು ತಂದೆಯವರು ಅದನ್ನು ಕೊಂಡ ದಿನದಿಂದ ಹಿಂದಕ್ಕೆ ಹೆಚ್ಚೆಂದರೆ ಹತ್ತು ಹನ್ನೆರಡು ವರ್ಷ.

ಇದನ್ನು ಹೇಳುವುದು ಹೇಗೆಂದು ಎರಡು ದಿನ ಯೋಚಿಸಿದೆವು. ಹೇಳಿದರೆ ಹಿರಿಯರಿಗೆ ಲಾಭ, ಕಿರಿಯರಿಗೆ ನಷ್ಟ, ತೀರಿಕೊಂಡವರಿಗೆ ಅವಮಾನ. ಮೂರನೆಯದೇ ನಮ್ಮನ್ನು ಹೆಚ್ಚು ಕಾಡಿತು. ಅಣ್ಣತಮ್ಮಂದಿರು ಬಂದಮೇಲೆ ಗಿಂಡಿಯನ್ನು ಹಿಂದಕ್ಕೆ ಇಡಲೆಂದು ಡಬ್ಬಿಯ ಹತ್ತಿಯನ್ನು ಸರಿಪಡಿಸುವಾಗ ತಳದಲ್ಲಿ ನಾಲ್ಕಾಗಿ ಮಡಿಸಿದ ಒಂದು ಚೀಟಿ ಸಿಕ್ಕಿತು. ಅಂಗಡಿಯ ರಸೀತಿ. ಒಂದು ಹೊಸ ಗಿಂಡಿಗೆ ಆಗಿನ ಸಾಧಾರಣವಾದ ಬೆಲೆ, ಕೆಲವೇ ಡಾಲರುಗಳು. ಅದರ ಹಿಂಬದಿಯಲ್ಲಿ ತಂದೆಯವರ ಕೈಬರಹದಲ್ಲಿ, ಮಕ್ಕಳಿಗಾಗಿ ಕೊಂಡ ಎರಡು ಅಂಗಿ, ಒಂದು ಬಣ್ಣದ ಪೆಟ್ಟಿಗೆ, ಗಿಂಡಿ, ಈ ಮೂರರ ಮೊತ್ತವನ್ನು ಕೂಡಿದ ಲೆಕ್ಕ. ಅಂಗಡಿಯವನು ಮೋಸ ಮಾಡಿರಲಿಲ್ಲ. ತಂದೆಯವರು ಮೋಸ ಹೋಗಿರಲಿಲ್ಲ. ಆ ಮುನ್ನೂರು ವರ್ಷಗಳು ಬೀರುವಿನ ಗಾಜಿನ ಹಿಂದೆ ವರ್ಷಕ್ಕೆ ಏಳೆಂಟರಂತೆ ತಾವಾಗಿ ಬೆಳೆದಿದ್ದವು.

ನಾವು ಕಂಡದ್ದನ್ನೆಲ್ಲ ಒಂದೊಂದಾಗಿ ತೋರಿಸಿದೆವು. ಕಿರಿಯರು ದೀಪವನ್ನು ಕೈಗೆ ತೆಗೆದುಕೊಂಡು ತಾವೇ ಒಳಗೆ ಹಾಯಿಸಿ ನೋಡಿ, ಉಗುರಿನಿಂದ ಗೆರೆಯನ್ನು ಮುಟ್ಟಿದರು. ಪಟ್ಟಿಯಲ್ಲಿ ಏನೆಂದು ಬರೆಯಬೇಕೆಂದು ಹಿರಿಯರು ಕೇಳಿದರು. ‘ಚಹದ ಗಿಂಡಿ, ಒಂದು, ೧೯೮೩ರಲ್ಲಿ ತಂದದ್ದು’ ಎಂದು ಬರೆದು ಬೆಲೆಯ ಅಂಕಣವನ್ನು ಖಾಲಿ ಬಿಟ್ಟೆವು. ಹಿರಿಯರು ಗಿಂಡಿಯನ್ನು ತೆಗೆದುಕೊಂಡರು. ಕಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಣ್ಣನ ಅನುಮತಿಯನ್ನು ಕೇಳಿ, ಆ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು.